ನಂದಿಬೆಟ್ಟದ ಪುಟ್ಟ ನೀಲಿ ಹೂವು ಆಲ್ಪ್ಸ್ ಪರ್ವತದ್ದಾ?

ನಂದಿಬೆಟ್ಟದ ಬಂಡೆ ಪಕ್ಕ, ಹುಲ್ಲಿನ ನಡುವೆ ಪುಟ್ಟ ನೀಲಿ ಹೂವು ನೋಡಿದ್ದೀರಿ. ನೆಲಕ್ಕೆ ಹಬ್ಬಿದ ಗಿಡ, ಹೂವಿನ ನಡುವೆ ಬಿಳುಪು. ಫೋನಿನ ಆ್ಯಪ್ ಅದನ್ನು ‘ಆಲ್ಪೈನ್ ಫರ್ಗೆಟ್ ಮಿ ನಾಟ್’ ಎಂದಿತು, ಅದು ಚಿಕ್ಕಬಳ್ಳಾಪುರಕ್ಕೆ ಹೇಗೆ ಬಂತು ಅಂತ ಕೇಳಿದ್ದೀರಿ.

ಬಂದಿಲ್ಲ. ನೀವು ಹೇಳಿದ ಗುರುತೆಲ್ಲ ನಮ್ಮ ವಿಷ್ಣುಕ್ರಾಂತಿಯದು. ನಾನೂ ಇದೇ ಜಿಲ್ಲೆಯವನು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಗೋಮಾಳದಲ್ಲಿ ಇದನ್ನು ನೋಡುತ್ತಲೇ ಬೆಳೆದೆ.

ಆ್ಯಪ್ ಎಡವಿದ್ದಕ್ಕೆ ಕಾರಣ ಇದೆ. ಎರಡೂ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಅಗಲದ ನೀಲಿ ಹೂವುಗಳು. ಎರಡರ ಎಲೆಯಲ್ಲೂ ಕೂದಲಿದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಕಾಣುವುದು ಇಷ್ಟೇ ಅಲ್ವಾ?

ಹೂವಿನ ನಡುಭಾಗ ಸರಿಯಾಗಿ ನೋಡಿ. ಆಲ್ಪ್ಸ್ ಹೂವಿನ ಗಂಟಲಲ್ಲಿ ಹಳದಿ ಉಂಗುರ ಇರುತ್ತದೆ, ಅದು ಗಂಟಲನ್ನು ಹೆಚ್ಚುಕಮ್ಮಿ ಮುಚ್ಚಿಬಿಡುತ್ತದೆ. ಕೇಸರ ಒಳಗೇ ಅಡಗಿರುತ್ತದೆ. ವಿಷ್ಣುಕ್ರಾಂತಿಯಲ್ಲಿ ಬಿಳಿ ಕೇಸರಗಳು ಹೊರಗೇ ಕಾಣುತ್ತವೆ. ಆಲ್ಪ್ಸ್ ಹೂವಿನಲ್ಲಿ ಐದು ದುಂಡನೆ ಎಸಳು ಬಿಡಿಬಿಡಿಯಾಗಿ ತೋರುತ್ತವೆ, ವಿಷ್ಣುಕ್ರಾಂತಿಯಲ್ಲಿ ಎಸಳೆಲ್ಲ ಕೂಡಿಕೊಂಡಿವೆ. ಇನ್ನೊಂದು ಗುರುತು ಮೊಗ್ಗು. ಆಲ್ಪ್ಸ್ ಗಿಡದ ಮೊಗ್ಗಿನ ಗೊಂಚಲು ಚೇಳಿನ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ, ಅರಳುತ್ತಾ ಬಿಚ್ಚಿಕೊಳ್ಳುತ್ತದೆ. ವಿಷ್ಣುಕ್ರಾಂತಿಯ ಹೂವು ಎಲೆಯ ಬುಡದಿಂದ ಸಣ್ಣ ತೊಟ್ಟಿನಲ್ಲಿ ಏಳುತ್ತದೆ.

ಹವೆಯೂ ಹೊಂದುವುದಿಲ್ಲ. ನಂದಿಬೆಟ್ಟ 1478 ಮೀಟರ್. ಬೆಳಗಿನ ಚಳಿ ಎಷ್ಟೇ ಜೋರಿದ್ದರೂ ಇಲ್ಲಿ ಹಿಮ ಬೀಳುವುದಿಲ್ಲ. ಆಲ್ಪೈನ್ ಗಿಡಗಳು ಇರುವುದು ಮರಗಳೂ ಬೆಳೆಯದಷ್ಟು ಎತ್ತರದಲ್ಲಿ. ಹಿಮಾಲಯದಲ್ಲಾದರೆ ಸುಮಾರು 3500 ಮೀಟರ್ ದಾಟಬೇಕು. ತಿಂಗಳುಗಟ್ಟಲೆ ಹಿಮದಡಿ ಇದ್ದು, ಸಿಗುವ ಚಿಕ್ಕ ಬೇಸಿಗೆಯಲ್ಲೇ ಹೂ, ಬೀಜ ಎಲ್ಲ ಮುಗಿಸುವ ಗಿಡಗಳು ಅವು.

ಒಂದು ವೇಳೆ ಮೊಗ್ಗು ಸುರುಳಿಯಾಗಿಯೇ ಇತ್ತು ಅಂದರೆ? ಆಗಲೂ ಆಲ್ಪ್ಸ್ ಬೇಡ. ಆ ಆಲ್ಪ್ಸ್ ಗಿಡದ ಕುಟುಂಬದ್ದೇ ಆದ ಸೈನೋಗ್ಲಾಸಮ್ ಎಂಬ ಗಿಡ ದಕ್ಷಿಣದ ಬೆಟ್ಟಗಳಲ್ಲಿ ಬೆಳೆಯುತ್ತದೆ, ಹೂವು ತುಂಬಾ ಹೋಲುತ್ತದೆ. ಅದರ ಕಾಯಿಯಲ್ಲಿ ಕೊಕ್ಕೆ ಮುಳ್ಳಿದೆ, ಪ್ಯಾಂಟಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಆಲ್ಪ್ಸ್ ಹೂವಲ್ಲ ಅಂತ ಬೇಜಾರಾಗಬೇಡಿ. ಆಯುರ್ವೇದದಲ್ಲಿ ವಿಷ್ಣುಕ್ರಾಂತಿಗೆ ದೊಡ್ಡ ಹೆಸರು, ಕೇರಳದ ದಶಪುಷ್ಪಗಳಲ್ಲಿ ಇದೂ ಒಂದು. ಆ ನೀಲಿ ನನಗಂತೂ ಯಾವ ಪರ್ವತದ ಹೂವಿಗೂ ಕಮ್ಮಿ ಅನಿಸಿಲ್ಲ. ಮುಂದಿನ ಸಲ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೂವು ಮುಚ್ಚಿಕೊಂಡಿರುತ್ತದೆ. ಪಕ್ಕದಿಂದ ಒಂದು, ಎಲೆಯ ಅಡಿಯಿಂದ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ಗಿಡ ಮಾತ್ರ ಕೀಳಬೇಡಿ.