ನಂಬಿಕೆ ಇಲ್ಲ ಅಂತಲೇ ಎಣಿಸೋಕೆ ಹೋದರು

ನೀವು ಕೇಳಿದ್ದು ಇದು: "ಅಮೆರಿಕಕ್ಕೆ ರಷ್ಯಾ ಮೇಲೆ ನಂಬಿಕೆ ಇಲ್ಲ, ರಷ್ಯಾಕ್ಕೆ ಅಮೆರಿಕದ ಮೇಲೆ ಇಲ್ಲ. ಹಾಗಿದ್ದ ಮೇಲೆ ಅಣ್ವಸ್ತ್ರ ಒಪ್ಪಂದ ಅನ್ನೋದೆಲ್ಲ ಸುಮ್ನೆ ಕಾಗದ ತಾನೇ? ಅವು ಒಂದೊಂದಾಗಿ ಹೋದರೆ ಯಾರಿಗೇನು ನಷ್ಟ?"

ನಂಬಿಕೆ ಇದ್ದಿದ್ದರೆ ಒಪ್ಪಂದವೇ ಬೇಕಿರಲಿಲ್ಲ, ಅಲ್ವಾ? ಬ್ರಿಟನ್ ಹತ್ತಿರವೂ ಅಣ್ವಸ್ತ್ರ ಇದೆ. ಅದನ್ನು ಎಣಿಸಿ ಬರೋಣ ಅಂತ ಅಮೆರಿಕ ಯಾರನ್ನೂ ಕಳಿಸುವುದಿಲ್ಲ. ಎಣಿಸಬೇಕಾಗುವುದು ನಂಬಿಕೆ ಇಲ್ಲದ ಕಡೆಯೇ.

ನನ್ನ ಕೆಲಸ ಗೋದಾಮುಗಳಲ್ಲಿ ಸ್ಟಾಕ್ ತಾಳೆ ನೋಡುವುದು. ಹೊರಗಿನಿಂದ ಚೀಲಗಳ ಅಟ್ಟಿ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಅಂತ ಗುಣಿಸಿದರೆ ರಿಜಿಸ್ಟರಿನ ಲೆಕ್ಕಕ್ಕೆ ಸರಿ ಕೂರುತ್ತದೆ. ಮಧ್ಯದಲ್ಲಿ ಪೊಳ್ಳು ಬಿಟ್ಟಿದ್ದಾರೋ ಇಲ್ಲವೋ ಅನ್ನೋದು ಮೇಲೆ ಹತ್ತಿ ನಾಲ್ಕು ಚೀಲ ಎತ್ತಿಸಿದಾಗಲೇ ಗೊತ್ತಾಗೋದು. ಯಾವ ಚೀಲ ಎತ್ತಬೇಕು ಅನ್ನೋದನ್ನು ನಾನು ಹೇಳಬೇಕು, ಗೋದಾಮಿನವರು ಹೇಳಬಾರದು. ಇಷ್ಟೇ ಈ ಕೆಲಸದ ಮರ್ಮ. ಅಮೆರಿಕ ಮತ್ತು ರಷ್ಯಾ ನಡುವಿನ ಒಪ್ಪಂದಗಳ ತಪಾಸಣೆ ನಿಯಮಗಳನ್ನು ಮೊದಲ ಸಲ ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಅಲ್ಲೂ ಇದೇ ಲೆಕ್ಕ, ಇದೇ ಹಟ.

ಒಂದು ಉದಾಹರಣೆ ವಿವರವಾಗಿ ಹೇಳ್ತೀನಿ. 1970ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಎಸ್‌ಎಸ್-20 ಎಂಬ ಕ್ಷಿಪಣಿಗಳನ್ನು ಹಾರಿಸಲು ಸಿದ್ಧವಾಗಿ ತಂದು ನಿಲ್ಲಿಸತೊಡಗಿತು. ಒಂದೊಂದರಲ್ಲೂ ಮೂರು ಸಿಡಿತಲೆ, ಅಂದರೆ ಕ್ಷಿಪಣಿಯ ಮೂತಿಯಲ್ಲಿಡುವ ಅಣುಬಾಂಬು. ದೊಡ್ಡ ಲಾರಿಯಂಥ ವಾಹನದ ಮೇಲೆ ಜಾಗ ಬದಲಿಸುತ್ತಾ ಇರುತ್ತಿದ್ದವು, ಪಶ್ಚಿಮ ಯುರೋಪಿನ ಊರುಗಳೆಲ್ಲ ಅವುಗಳ ಅಳತೆಯೊಳಗೆ ಬಂದವು. ಇದಕ್ಕೆ ಎದುರಾಗಿ ಅಮೆರಿಕ 1983ರ ಕೊನೆಯಲ್ಲಿ ಪಶ್ಚಿಮ ಜರ್ಮನಿಯಲ್ಲಿ ಪರ್ಶಿಂಗ್-2 ಕ್ಷಿಪಣಿಗಳನ್ನು ತಂದು ನಿಲ್ಲಿಸಿತು. ಅವು ಹಾರಿದರೆ ಕೆಲವೇ ನಿಮಿಷಗಳಲ್ಲಿ ಸೋವಿಯತ್ ನೆಲಕ್ಕೆ ಬೀಳುತ್ತಿದ್ದವು. ಯೋಚನೆ ಮಾಡೋಕೂ ಸಮಯ ಇಲ್ಲ.

ಆ ವರ್ಷ ಎಷ್ಟು ಕೆಟ್ಟದಾಗಿತ್ತು ಅಂದರೆ, ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಬಂದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಜನ ಸತ್ತರು. ಅದೇ ತಿಂಗಳ 26ರ ಬೆಳಗಿನ ಜಾವ ಮಾಸ್ಕೋದ ದಕ್ಷಿಣಕ್ಕಿರುವ ಒಂದು ಬಂಕರಿನಲ್ಲಿ ಸೋವಿಯತ್ ಕಂಪ್ಯೂಟರ್ ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಅಂತ ತೋರಿಸಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. ಅಮೆರಿಕ ಯುದ್ಧ ಶುರು ಮಾಡೋದಾದರೆ ಐದೇ ಕ್ಷಿಪಣಿಯಿಂದ ಯಾಕೆ ಮಾಡುತ್ತೆ ಅಂತ ಯೋಚಿಸಿ, ಇದು ಸುಳ್ಳು ಎಚ್ಚರಿಕೆ ಅಂತ ಮೇಲಿನವರಿಗೆ ವರದಿ ಮಾಡಿದರು. ಮೋಡಗಳ ಮೇಲೆ ಬಿದ್ದ ಬಿಸಿಲನ್ನೇ ಉಪಗ್ರಹವು ಕ್ಷಿಪಣಿ ಅಂತ ತಿಳಿದಿತ್ತು, ಅಷ್ಟೇ. ಇದನ್ನು ಎಷ್ಟು ಸಲ ಓದಿದರೂ ನನಗೆ ಎದೆ ಝಲ್ ಅನ್ನುತ್ತದೆ.

ಇಂಥ ಸ್ಥಿತಿಯಿಂದ ನಾಲ್ಕೇ ವರ್ಷದಲ್ಲಿ, 1987ರ ಡಿಸೆಂಬರ್ 8ರಂದು, ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ ವಾಷಿಂಗ್ಟನ್‌ನಲ್ಲಿ ಐಎನ್‌ಎಫ್ ಒಪ್ಪಂದಕ್ಕೆ ಸಹಿ ಹಾಕಿದರು. ನೆಲದಿಂದ ಹಾರಿಸುವ, 500ರಿಂದ 5,500 ಕಿಲೋಮೀಟರ್ ಹೋಗುವ ಕ್ಷಿಪಣಿಗಳನ್ನೆಲ್ಲ ಎರಡೂ ಕಡೆ ನಾಶ ಮಾಡಬೇಕು ಅಂತ ಮಾತಾಯಿತು. ಅವತ್ತು ರೇಗನ್ ರಷ್ಯನ್ ಗಾದೆಯೊಂದನ್ನು ಹೇಳಿದರು: ನಂಬು, ಆದರೆ ಪರೀಕ್ಷೆ ಮಾಡು. ಪ್ರತಿ ಸಲ ಭೇಟಿಯಾದಾಗಲೂ ಇದನ್ನೇ ಹೇಳ್ತೀರಲ್ಲ ಅಂತ ಗೋರ್ಬಚೆವ್ ಅಂದಾಗ ಅಲ್ಲಿದ್ದವರೆಲ್ಲ ನಕ್ಕರು. ನನ್ನ ಪ್ರಕಾರ ಆ ಗಾದೆಯ ಮೊದಲ ಅರ್ಧ ಇಬ್ಬರಲ್ಲೂ ಇರಲಿಲ್ಲ. ಕೆಲಸ ಮಾಡಿದ್ದೆಲ್ಲ ಎರಡನೇ ಅರ್ಧವೇ.

ಹೇಗೆ ಮಾಡಿತು ಅಂತ ನೋಡಿ. ರಷ್ಯಾದಲ್ಲಿ ವೋಟ್ಕಿನ್ಸ್ಕ್ ಅಂತ ಒಂದು ಊರಿದೆ. ಸಂಗೀತಗಾರ ಚೈಕೋವ್‌ಸ್ಕಿ ಹುಟ್ಟಿದ ಊರು. ಅಲ್ಲಿನ ಕಾರ್ಖಾನೆಯಲ್ಲಿ ಎಸ್‌ಎಸ್-20 ತಯಾರಾಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೂ ಅದೇ ಕಾರ್ಖಾನೆಯಲ್ಲಿ ಎಸ್‌ಎಸ್-25 ಎಂಬ ಇನ್ನೊಂದು ಕ್ಷಿಪಣಿ ತಯಾರಾಗುತ್ತಾ ಇತ್ತು. ಅದಕ್ಕೆ ಈ ಒಪ್ಪಂದದಲ್ಲಿ ನಿಷೇಧ ಇರಲಿಲ್ಲ. ತೊಂದರೆ ಏನಪ್ಪಾ ಅಂದರೆ, ಎರಡರ ಕೆಳಗಿನ ಹಂತ ನೋಡೋಕೆ ಹೆಚ್ಚು ಕಡಿಮೆ ಒಂದೇ ಥರ. ಉದ್ದನೆಯ ಕೊಳವೆಯೊಳಗೆ ಹಾಕಿ ಮುಚ್ಚಿ ರೈಲಿನಲ್ಲಿ ಹೊರಗೆ ಕಳಿಸಿದರೆ ಒಳಗಿರೋದು ಯಾವುದು ಅಂತ ಹೇಳೋದು ಹೇಗೆ? ಅದಕ್ಕೇ ಅಮೆರಿಕನ್ನರು ಕಾರ್ಖಾನೆಯ ಗೇಟಿನ ಹೊರಗೇ ಬಂದು ಕೂತರು. ಹೆಚ್ಚೆಂದರೆ 30 ಜನ, ದಿನದ 24 ಗಂಟೆ, ಹಿಮ ಬಿದ್ದರೂ ಸರಿ. ಕ್ಷಿಪಣಿ ಹಿಡಿಸುವಷ್ಟು ದೊಡ್ಡದು ಏನೇ ಹೊರಗೆ ಬಂದರೂ ಅಳೆದು ನೋಡಬೇಕು. ವರ್ಷಕ್ಕೆ ಎಂಟು ಸಲ ಕೊಳವೆಯ ಮುಚ್ಚಳ ತೆಗೆಸಿ ಒಳಗೆ ನೋಡುವ ಹಕ್ಕಿತ್ತು. ಆಮೇಲೆ ಕೊಳವೆಯ ಒಳಗನ್ನು ತೋರಿಸುವ ದೊಡ್ಡ ಎಕ್ಸ್‌ರೇ ಯಂತ್ರವನ್ನೂ ತಂದಿಟ್ಟರು. ಆ ಯಂತ್ರದ ವಿಷಯಕ್ಕೆ 1990ರಲ್ಲಿ ಜೋರು ಜಗಳವೇ ಆಯಿತು. ಆದರೂ ಯಾರೂ ಒಪ್ಪಂದ ಬಿಟ್ಟು ಎದ್ದು ಹೋಗಲಿಲ್ಲ. ಕೂತು ಮಾತಾಡಿ ಬಗೆಹರಿಸಿಕೊಂಡರು.

ಅದೇ ಹೊತ್ತಿಗೆ ಸೋವಿಯತ್ ತಪಾಸಕರು ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾ ಎಂಬ ಊರಿನಲ್ಲಿ, ಪರ್ಶಿಂಗ್ ಕ್ಷಿಪಣಿಯ ಮೋಟಾರು ಮಾಡುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ಇದೇ ಕೆಲಸ ಮಾಡುತ್ತಾ ಇದ್ದರು. 13 ವರ್ಷ ನಡೆಯಿತು ಇದು. ಮಧ್ಯದಲ್ಲಿ ಸೋವಿಯತ್ ಒಕ್ಕೂಟವೇ ಮುರಿದು ಬಿತ್ತು, ಗೇಟಿನ ಕಾವಲು ಮಾತ್ರ ನಿಲ್ಲಲಿಲ್ಲ. 1991ರ ಜೂನ್ ಹೊತ್ತಿಗೆ ಒಟ್ಟು 2,692 ಕ್ಷಿಪಣಿಗಳು ನಾಶವಾಗಿದ್ದವು. ಅದರಲ್ಲಿ 1,846 ಸೋವಿಯತ್‌ನವು, 846 ಅಮೆರಿಕದವು. ಸೋವಿಯತ್ ಕಡೆಯದು ಎರಡು ಪಟ್ಟಿಗಿಂತ ಜಾಸ್ತಿ, ಆದರೂ ಒಪ್ಪಿದರು. ಇದನ್ನು ಸುಮ್ನೆ ಕಾಗದ ಅನ್ನೋದಕ್ಕೆ ನನಗೆ ಮನಸ್ಸು ಬರುವುದಿಲ್ಲ.

2010ರ ನ್ಯೂ ಸ್ಟಾರ್ಟ್ ಒಪ್ಪಂದ ಇನ್ನೂ ಅಚ್ಚುಕಟ್ಟಾಗಿತ್ತು. ಒಂದೊಂದು ದೇಶ 1,550ಕ್ಕಿಂತ ಹೆಚ್ಚು ಸಿಡಿತಲೆಗಳನ್ನು ಹಾರಿಸಲು ಸಿದ್ಧವಾಗಿ ಇಡುವಂತಿರಲಿಲ್ಲ. ಪ್ರತಿ ಕ್ಷಿಪಣಿಗೂ ಒಂದು ಗುರುತಿನ ನಂಬರ್. ವರ್ಷಕ್ಕೆ 18 ತಪಾಸಣೆ. ಬರ್ತೀವಿ ಅಂತ ಮೊದಲು ತಿಳಿಸಬೇಕಿತ್ತು, ಆದರೆ ಯಾವ ನೆಲೆಗೆ ಅಂತ ಹೇಳುತ್ತಿದ್ದದ್ದು ಆ ದೇಶಕ್ಕೆ ಬಂದಿಳಿದ ಮೇಲೆ. ನೆಲೆಗೆ ಹೋದ ಮೇಲೆ ಯಾವ ಕ್ಷಿಪಣಿ ತೆರೆಯಬೇಕು ಅಂತ ಬಂದವರೇ ಆರಿಸುತ್ತಿದ್ದರು. ಆತಿಥೇಯರು ಅದರ ಮೂತಿಯ ಕವಚ ತೆಗೆದು ತೋರಿಸುತ್ತಿದ್ದರು. ಸಿಡಿತಲೆಗಳ ಮೇಲೆ ಮುಸುಕು ಹಾಕಿರುತ್ತಿದ್ದರು, ಯಾಕಂದರೆ ಅವುಗಳ ರಚನೆ ಗುಟ್ಟು. ಮುಸುಕಿನ ಕೆಳಗೆ ಉಬ್ಬು ಎಷ್ಟಿವೆ ಅಂತ ಎಣಿಸಿ, ಪಟ್ಟಿಯಲ್ಲಿ ಬರೆದುಕೊಟ್ಟ ಸಂಖ್ಯೆಗೆ ತಾಳೆ ನೋಡಬೇಕಿತ್ತು. ಗುಟ್ಟೂ ಉಳಿಯಿತು, ಲೆಕ್ಕವೂ ಸಿಕ್ಕಿತು. ಇದನ್ನು ಯೋಚಿಸಿ ಬರೆದವರ ಮೇಲೆ ನನಗೆ ಅಪಾರ ಗೌರವ.

ಇದೆಲ್ಲ ಹೇಗೆ ಹಾಳಾಯಿತು ಅನ್ನೋದರಲ್ಲಿ ಒಬ್ಬರದೇ ತಪ್ಪು ಅಂತ ಹೇಳೋರನ್ನು ನಾನು ಒಪ್ಪಲ್ಲ. ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ 1972ರ ಎಬಿಎಂ ಒಪ್ಪಂದದಿಂದ 2002ರಲ್ಲಿ ಅಮೆರಿಕ ತಾನಾಗಿಯೇ ಹೊರಬಂತು. ಅದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ, ಮಾಸ್ಕೋದ ಅನುಮಾನಕ್ಕೆ ಅಲ್ಲಿಂದ ಹೊಸ ಬಲ ಬಂತು. ಐಎನ್‌ಎಫ್ ವಿಷಯದಲ್ಲಿ, ರಷ್ಯಾ ನಿಷೇಧಿತ ದೂರ ಹೋಗುವ ಕ್ಷಿಪಣಿಯ ಪರೀಕ್ಷೆ ಮಾಡಿದೆ ಅಂತ ಒಬಾಮಾ ಸರ್ಕಾರ 2014ರಲ್ಲಿ ಆರೋಪಿಸಿತು, ರಷ್ಯಾ ಇಲ್ಲ ಅಂದಿತು, ಕೊನೆಗೆ 2019ರ ಆಗಸ್ಟ್‌ನಲ್ಲಿ ಟ್ರಂಪ್ ಸರ್ಕಾರ ಒಪ್ಪಂದವನ್ನೇ ಬಿಟ್ಟಿತು. ಅಷ್ಟು ಹೊತ್ತಿಗೆ ವೋಟ್ಕಿನ್ಸ್ಕ್ ಥರ ಗೇಟಿನಲ್ಲಿ ಕೂತು ನೋಡುವ ವ್ಯವಸ್ಥೆ ಇರಲಿಲ್ಲ, ಐಎನ್‌ಎಫ್ ತಪಾಸಣೆ 2001ರಲ್ಲೇ ಮುಗಿದಿತ್ತು. ನೋಡಿ ಬಗೆಹರಿಸುವ ದಾರಿ ಇಲ್ಲದೆ ಬರೀ ಆರೋಪ, ಪ್ರತ್ಯಾರೋಪ ಉಳಿಯಿತು. ನ್ಯೂ ಸ್ಟಾರ್ಟ್ ತಪಾಸಣೆ 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ನಿಂತಿತು. ಮತ್ತೆ ಶುರುವಾಗುವ ಮೊದಲೇ ಉಕ್ರೇನ್ ಯುದ್ಧ ಬಂತು. 2023ರ ಫೆಬ್ರವರಿಯಲ್ಲಿ ಪುಟಿನ್ ನ್ಯೂ ಸ್ಟಾರ್ಟ್‌ನಲ್ಲಿ ಭಾಗವಹಿಸೋದನ್ನೇ ನಿಲ್ಲಿಸಿದರು. ಒಂದೇ ಸಲ ವಿಸ್ತರಿಸಬಹುದು ಅಂತ ಆ ಒಪ್ಪಂದದಲ್ಲೇ ಬರೆದಿತ್ತು, ಆ ಅವಕಾಶ 2021ರಲ್ಲೇ ಮುಗಿದಿತ್ತು. ಹೀಗಾಗಿ ಅದರ ಆಯಸ್ಸು 2026ರ ಫೆಬ್ರವರಿ 5ರವರೆಗೆ ಅಷ್ಟೇ.

ಶತ್ರುಗಳು ಹೀಗೆ ಪಟ್ಟಿ ಕೊಟ್ಟು ತೆಗೆದುಕೊಳ್ಳೋದು ವಿಚಿತ್ರ ಅಂತ ಅನ್ನಿಸಿದರೆ ನಮ್ಮ ಕಡೆಯೇ ನೋಡಿ. ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ತಮ್ಮ ಪರಮಾಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತಾ ಬಂದಿವೆ. ಕಾರ್ಗಿಲ್ ಯುದ್ಧ ನಡೆದ 1999ರಲ್ಲೂ, ಅದರ ಮುಂದಿನ ಜನವರಿಯಲ್ಲೂ ಅದು ತಪ್ಪಲಿಲ್ಲ.

ಇನ್ನು ನಷ್ಟದ ವಿಷಯ. "ಈಗ ಉಪಗ್ರಹ ಇದೆಯಲ್ಲ, ಎಲ್ಲ ಕಾಣುತ್ತೆ" ಅಂತ ಜನ ಹೇಳ್ತಾರೆ. ಕಾಣುತ್ತೆ, ಅಟ್ಟಿ ಹೊರಗಿನಿಂದ ಕಂಡ ಹಾಗೆ. ಅಮೆರಿಕದ ಮಿನಿಟ್‌ಮ್ಯಾನ್-3 ಕ್ಷಿಪಣಿಯನ್ನು ತೆಗೆದುಕೊಳ್ಳಿ. ನೆಲದೊಳಗೆ ಬಾವಿಯಂಥ ಸೈಲೋದಲ್ಲಿ ನಿಂತಿರುತ್ತದೆ. ಅದರಲ್ಲಿ ಮೂರು ಸಿಡಿತಲೆ ಇಡಬಹುದು, ಇಟ್ಟಿದ್ದು ಒಂದೊಂದೇ. ನಾಳೆ ಒಂದನ್ನು ಮೂರು ಮಾಡಿದರೆ ಮೇಲಿನಿಂದ ತೆಗೆದ ಫೋಟೋದಲ್ಲಿ ಅದೇ ಸೈಲೋ, ಅದೇ ಮುಚ್ಚಳ. ರಷ್ಯಾದ ಕ್ಷಿಪಣಿಗಳ ಕಥೆಯೂ ಇದೇ. ಒಳಗೆ ಎಷ್ಟಿದೆ ಅಂತ ಗೊತ್ತಿಲ್ಲದಾಗ ಮಿಲಿಟರಿಯವರು ಇರುವುದಕ್ಕಿಂತ ಜಾಸ್ತಿಯೇ ಅಂತ ಲೆಕ್ಕ ಹಿಡಿಯುತ್ತಾರೆ, ಎದುರಿನವರೂ ಹಾಗೇ ಹಿಡಿಯುತ್ತಾರೆ, ಆಮೇಲೆ ಇಬ್ಬರೂ ಆ ಊಹೆಗೆ ತಕ್ಕ ಹಾಗೆ ಹೊಸದನ್ನು ಮಾಡಿಸುತ್ತಾರೆ. 1986ರ ಸುಮಾರಿಗೆ ಜಗತ್ತಿನಲ್ಲಿ 70,000ದಷ್ಟು ಸಿಡಿತಲೆ ಸೇರಿದ್ದು ಬಹುಪಾಲು ಹೀಗೇ. ಈಗ ಉಳಿದಿರೋದು ಸುಮಾರು 12,000. ಆ ಇಳಿಕೆಯಲ್ಲಿ ಹೆಚ್ಚಿನದು ಈ ಎರಡು ದೇಶಗಳದ್ದೇ, ಮತ್ತು ಅದರಲ್ಲಿ ದೊಡ್ಡ ಪಾಲು ಆಗಿದ್ದು ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಮುಚ್ಚಳ ತೆಗೆಸಿ ಎಣಿಸುತ್ತಿದ್ದ ವರ್ಷಗಳಲ್ಲಿ.