ಹೈಪರ್ ಥೈರಾಯ್ಡ್ ಇದ್ದರೆ ಉಪ್ಪು ಬಿಡಬೇಕಾ?

ಪ್ರಶ್ನೆ: ನನಗೆ 34 ವರ್ಷ. ಮೂರು ತಿಂಗಳಲ್ಲಿ 7 ಕೆಜಿ ಇಳಿದಿದ್ದೇನೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹೈಪರ್ ಥೈರಾಯ್ಡ್ (ಥೈರಾಯ್ಡ್ ಗ್ರಂಥಿ ಹಾರ್ಮೋನು ಜಾಸ್ತಿ ಮಾಡುವ ಕಾಯಿಲೆ) ಅಂತ ಮೂರು ವಾರದಿಂದ ಅದನ್ನು ಇಳಿಸುವ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಉಪ್ಪು ಬಿಡು, ಹಸಿ ಎಲೆಕೋಸಿನ ರಸ ಕುಡಿ ಅಂತಾರೆ. ಕೂದಲು ಉದುರುತ್ತಿದೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆಯನ್ನೂ ಶುರು ಮಾಡಿದ್ದೇನೆ. ಏನು ತಿನ್ನಲಿ?

ಉತ್ತರ: ಎಲೆಕೋಸಿನ ರಸ ಬೇಡ. ಅದರಿಂದ ಹಾರ್ಮೋನು ಹತೋಟಿಗೆ ಬರಲ್ಲ, ಆ ಕೆಲಸ ನಿಮ್ಮ ಮಾತ್ರೆಯದು. ಬೇಯಿಸಿದ ಎಲೆಕೋಸು ಊಟದಲ್ಲಿ ಇರಲಿ.

ಅಡುಗೆಯ ಉಪ್ಪನ್ನೂ ಸುಮ್ನೆ ಬಿಡಬೇಡಿ. ಅದರಲ್ಲಿ ಸೇರಿಸಿರುವ ಅಯೋಡಿನ್ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕೇ ಬೇಕು. ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಚಿಕಿತ್ಸೆಗೆ ಮುಂಚೆ ವೈದ್ಯರೇ ಕಡಿಮೆ ಮಾಡಿ ಅಂದರೆ ಆ ಮಾತು ಬೇರೆ. ನೀವು ನಿಜವಾಗಿ ದೂರ ಇಡಬೇಕಾದದ್ದು ಕಡಲಪಾಚಿ ಮತ್ತು ಅದರಿಂದ ಮಾಡಿದ ಮಾತ್ರೆ, ಪುಡಿಗಳನ್ನು, ಯಾಕೆಂದರೆ ಅವುಗಳಲ್ಲಿ ಅಯೋಡಿನ್ ವಿಪರೀತ ಇರಬಹುದು.

ನನಗೆ ಜಾಸ್ತಿ ಚಿಂತೆ ಆಗಿದ್ದು ಬಯೋಟಿನ್ ವಿಷಯ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ: ಥೈರಾಯ್ಡಿಗೆ ಕೆಲಸ ಹೇಳುವ ಹಾರ್ಮೋನಾದ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಮಾಡುವ ಹಾರ್ಮೋನಾದ ಟಿ4 ಇರುವುದಕ್ಕಿಂತ ಜಾಸ್ತಿ ಅಂತ ತೋರಿಸಬಹುದು, ಅಂದರೆ ಕಾಯಿಲೆ ಇಳಿಯುತ್ತಿದ್ದರೂ ಇಳಿದೇ ಇಲ್ಲ ಅನ್ನೋ ಹಾಗೆ ರಿಪೋರ್ಟ್ ಬಂದು, ನಿಮ್ಮ ಮಾತ್ರೆಯ ಡೋಸ್ ಸುಮ್ಮನೆ ಏರಿಬಿಡಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ, ವೈದ್ಯರಿಗೂ ಹೇಳಿ. ಹಾರ್ಮೋನು ಹಿಡಿತಕ್ಕೆ ಬಂದು ಕೆಲವು ತಿಂಗಳಾದರೆ ಕೂದಲು ಉದುರೋದು ಸಾಮಾನ್ಯವಾಗಿ ತಾನಾಗಿಯೇ ಕಡಿಮೆ ಆಗುತ್ತದೆ.

ಇನ್ನು ತಿನ್ನೋದು. ನಿಮ್ಮ ದೇಹ ಈಗ ತಿಂದದ್ದನ್ನೆಲ್ಲ ಬೇಗ ಉರಿಸುತ್ತಿದೆ, ಸ್ನಾಯುವೂ ಕರಗುತ್ತದೆ. ಹಸಿವಾದಾಗ ತಡೆದುಕೊಳ್ಳಬೇಡಿ, ದಿನಕ್ಕೆ ಐದು ಸಲ ಆದರೂ ಸರಿ. ಪ್ರತಿ ಸಲವೂ ಬೇಳೆ, ಮೊಟ್ಟೆ, ಮೊಸರು, ಹೀಗೆ ಪ್ರೋಟೀನ್ ಇರುವ ಏನಾದರೂ ಇರಲಿ. ಹಾರ್ಮೋನು ಜಾಸ್ತಿಯಾದರೆ ಮೂಳೆಯಿಂದ ಕ್ಯಾಲ್ಸಿಯಂ ಕೂಡ ಸೋರಿಹೋಗುತ್ತದೆ. ನಿಮ್ಮ ವಯಸ್ಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು, ಒಂದು ದೊಡ್ಡ ಲೋಟ ಹಾಲಿನಲ್ಲಿ 300ರಷ್ಟು ಸಿಗುತ್ತದೆ. ವಿಟಮಿನ್ ಡಿ ಒಮ್ಮೆ ನೋಡಿಸಿಕೊಳ್ಳಿ. ಕಾಫಿ, ಟೀ ಈಗ ಕಡಿಮೆ ಮಾಡಿ, ಎದೆಬಡಿತ, ನಡುಕ ಎರಡನ್ನೂ ಅವು ಏರಿಸುತ್ತವೆ.

ಹಾರ್ಮೋನು ಸರಿಹೋದ ಮೇಲೂ ಇಷ್ಟೇ ತಿನ್ನುವ ಅಭ್ಯಾಸ ಉಳಿದುಬಿಡುತ್ತದೆ, ಆಗ ತೂಕ ಹಳೇ ಲೆಕ್ಕ ದಾಟಿ ಹೋಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ, ಹಳೇ ತೂಕ ಬಂದ ಕೂಡಲೇ ಊಟ ಇಳಿಸಿ.

ಊಟಕ್ಕೆ ಸಂಬಂಧ ಇಲ್ಲ, ಆದರೂ ಹೇಳಲೇಬೇಕು: ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ವೈದ್ಯರ ಬಳಿ ಹೋಗಿ ರಕ್ತದ ಕೌಂಟ್ (ರಕ್ತಕಣಗಳ ಲೆಕ್ಕ) ಮಾಡಿಸಿ.