ಒಬ್ಬರೇ ಹೋಗುವ ಕನೂಗೆ ಎಂಥ ಸೀಟು?

ಪ್ರಶ್ನೆ: ಅಕ್ಕಾ, ನಾನು ಕೆನಡಾದ ಕಿಚನರ್‌ನಲ್ಲಿದ್ದೇನೆ. ವಯಸ್ಸು 47, ತೂಕ 80 ಕಿಲೋ. ಸೆಪ್ಟೆಂಬರ್‌ನಲ್ಲಿ ಅಲ್ಗಾಂಕ್ವಿನ್ ಪಾರ್ಕಿನಲ್ಲಿ ಐದು ದಿನ ಒಬ್ಬನೇ ಕನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಹಾಕಿಕೊಂಡು ಸುತ್ತುವ ಆಸೆ. 15 ಅಡಿಯ ಹಳೆಯ ಸೋಲೋ ಕನೂ ಒಂದು ಸಿಕ್ಕಿದೆ, ಆದರೆ ಸೀಟಿಲ್ಲ. ತಳಕ್ಕೆ ಹತ್ತಿರವಾಗಿ ಕೂರುವ ಬಕೆಟ್ ಸೀಟೋ, ಮಂಡಿಯೂರಿ ಒರಗುವ ಅಡ್ಡಪಟ್ಟಿಯೋ, ಬೆಂಚ್ ಸೀಟೋ? ಬಲಮಂಡಿ ಆಗಾಗ ನೋಯುತ್ತದೆ.

ಉತ್ತರ: ಬೆಂಚ್ ಸೀಟನ್ನೇ ಹಾಕಿಸಿ. ನಿಮ್ಮ ಮಂಡಿ ನೋಯುವುದರಿಂದಲೇ ಈ ಮಾತು.

ಬಕೆಟ್ ಸೀಟು ಕೆಟ್ಟದ್ದಲ್ಲ. ಕಾಲು ಚಾಚಿ, ಪಾದಕ್ಕೆ ಆನಿಕೆ ಕೊಟ್ಟು, ಬಾಗಿದ ಹಿಡಿಯ ಹುಟ್ಟು ಹಾಕಿದರೆ ದೋಣಿ ಚೆನ್ನಾಗಿ ಓಡುತ್ತದೆ. ಆದರೆ ಅದರಲ್ಲಿ ಮಂಡಿಯೂರಲು ಆಗುವುದಿಲ್ಲ. ಅಡ್ಡಪಟ್ಟಿಯಲ್ಲಿ ಮಂಡಿಯೂರುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಐದು ದಿನ ಒಂದೇ ಭಂಗಿಯಲ್ಲಿ ಇರೋಕಾಗುತ್ತಾ? ಒಪಿಯಾಂಗೊ ಕೆರೆಯನ್ನೇ ನೋಡಿ, ಆ ಪಾರ್ಕಿನ ಅತಿ ದೊಡ್ಡ ಕೆರೆ ಅದು. ಬೆಳಗ್ಗೆ ನೀರು ಎಣ್ಣೆ ಸವರಿದ ಹಾಗೆ ಇರುತ್ತದೆ, ಆರಾಮಾಗಿ ಕೂತು ಹೋಗಬಹುದು. ಮಧ್ಯಾಹ್ನ ಗಾಳಿ ಎದ್ದು ಅಲೆಗಳ ತಲೆ ಬೆಳ್ಳಗಾದಾಗ ಮಂಡಿಯೂರಲೇಬೇಕು. ಎರಡು ಮಂಡಿ ತಳಕ್ಕೆ, ಪೃಷ್ಠ ಸೀಟಿನ ಅಂಚಿಗೆ. ಮೂರು ಕಡೆ ಆಸರೆ ಸಿಕ್ಕಾಗ ದೋಣಿ ಮೈಗೆ ಅಂಟಿಕೊಂಡ ಹಾಗೆ ಆಗುತ್ತದೆ. ಅಲೆ ಇಳಿದ ಮೇಲೆ ಮತ್ತೆ ಕಾಲು ಚಾಚಿ. ಹೀಗೆ ಬದಲಾಯಿಸುತ್ತಾ ಇದ್ದರೆ ಮಂಡಿ ಉಳಿಯುತ್ತದೆ.

ಬೆಂಚ್ ಸೀಟು ಅಂದರೆ ಒಂದು ಮರದ ಚೌಕಟ್ಟು. ಅದಕ್ಕೆ ಬೆತ್ತ ಹೆಣೆದಿರುತ್ತಾರೆ, ಇಲ್ಲವೇ ನಮ್ಮ ಊರಿನ ನವಾರು ಮಂಚದ ಹಾಗೆ ಅಗಲದ ಪಟ್ಟಿ ಹೆಣೆದಿರುತ್ತಾರೆ. ನನಗೆ ಪಟ್ಟಿಯದೇ ಇಷ್ಟ, ಒದ್ದೆಯಾದರೂ ಚಿಂತೆ ಇಲ್ಲ. ದೋಣಿಯ ಅಂಚಿನಿಂದ ನಾಲ್ಕು ಬೋಲ್ಟುಗಳಲ್ಲಿ ಅದನ್ನು ತೂಗುಹಾಕುತ್ತಾರೆ. ದೋಣಿಯ ಅಂಚಿಗೂ ಸೀಟಿಗೂ ನಡುವೆ ಬೋಲ್ಟಿನ ಸುತ್ತ ಮರದ ಗುಬುಟು, ಅಂದರೆ ಬೋಲ್ಟು ತೂರುವ ಮರದ ತುಂಡು, ಇರುತ್ತದೆ. ಗುಬುಟು ಉದ್ದವಾದಷ್ಟೂ ಸೀಟು ಕೆಳಗೆ. ಮುಂದಿನ ಅಂಚು ಹಿಂದಿನದಕ್ಕಿಂತ ಮುಕ್ಕಾಲು ಇಂಚು ತಗ್ಗಿರಲಿ. ಸಮತಟ್ಟಾಗಿದ್ದರೆ ಮಂಡಿಯೂರಿದಾಗ ಮರ ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಎತ್ತರದ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಸೀಟು ತಗ್ಗಿದ್ದರೆ ದೋಣಿ ಅಲುಗಾಡುವುದು ಕಡಿಮೆ, ನಿಜ. ಆದರೆ ಮಂಡಿಯೂರಿದಾಗ ನಿಮ್ಮ ಪಾದ ಇರುವುದು ಸೀಟಿನ ಕೆಳಗೆ, ಅಲ್ವಾ? 2016ರಲ್ಲಿ ನನ್ನ ಸೀಟು ತಳದಿಂದ 8 ಇಂಚು ಇತ್ತು. ಬೇಸಿಗೆಯಲ್ಲಿ ತೆಳು ಚಪ್ಪಲಿ ಹಾಕುತ್ತಿದ್ದೆ, ಏನೂ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ದಪ್ಪ ರಬ್ಬರ್ ಬೂಟು ಹಾಕಿಕೊಂಡು ಹೋದೆ. ದಡದ ಹತ್ತಿರ ದೋಣಿ ಮಗುಚಿತು. ಸೊಂಟದಷ್ಟು ನೀರು, ಅಷ್ಟೇ. ಎಡಗಾಲಿನ ಹಿಮ್ಮಡಿ ಸೀಟಿಗೆ ಸಿಕ್ಕಿಕೊಂಡಿತು. ತಲೆ ನೀರೊಳಗೆ. ಎರಡು ಸಲ ಎಳೆದೆ, ಬರಲಿಲ್ಲ. ಮೂರನೆಯ ಸಲ ಬೂಟು ಅಲ್ಲೇ ಉಳಿದು ಕಾಲು ಹೊರಗೆ ಬಂತು. ಆ ಸದ್ದಿಲ್ಲದ ಕ್ಷಣ ಇವತ್ತಿಗೂ ಮರೆತಿಲ್ಲ. ಈಗ ನನ್ನ ಸೀಟಿನ ಮುಂದಂಚು 10 ಇಂಚು ಎತ್ತರದಲ್ಲಿದೆ. ನಿಮ್ಮ ಪಾದ ನನ್ನದಕ್ಕಿಂತ ದೊಡ್ಡದಿರಬಹುದು.

ಜಾಗ ನೋಡುವಾಗ ಸೀಟಿನ ಮುಂದಂಚು ದೋಣಿಯ ನಟ್ಟನಡುವಿಗಿಂತ 4–5 ಇಂಚು ಹಿಂದಿದ್ದರೆ ಮೈಭಾರ ಹೆಚ್ಚುಕಡಿಮೆ ನಡುವಿಗೆ ಬೀಳುತ್ತದೆ. ಉಳಿದದ್ದನ್ನು ಚೀಲದಿಂದ ಸರಿಮಾಡಿಕೊಳ್ಳಿ. ಎದುರುಗಾಳಿ ಇದ್ದರೆ ಚೀಲ ಸ್ವಲ್ಪ ಮುಂದಕ್ಕೆ, ಬೆನ್ನಗಾಳಿ ಇದ್ದರೆ ಹಿಂದಕ್ಕೆ. ಹಿಂದೆ ಮುಂದೆ ಜಾರುವ ಸೀಟೂ ಸಿಗುತ್ತದೆ, ಆದರೆ ತೂಕ ಜಾಸ್ತಿ. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಹೊತ್ತು ನಡೆಯುವವರು ನೀವೇ. ಹಾಂ, ಸೋಲೋ ಕನೂವಿನಲ್ಲಿ ಹೆಗಲಮೇಲೆ ಹೊರುವ ನೊಗ ಇರಬೇಕಾದ ಜಾಗದಲ್ಲೇ ಸೀಟಿರುತ್ತದೆ. ತಿರುಪು ಬಿಗಿದು ಹಾಕಿ ತೆಗೆಯುವ ನೊಗವನ್ನೂ ತಗೊಳ್ಳಿ.

ಮಂಡಿಯ ಕೆಳಗೆ ದಪ್ಪ ಫೋಮ್ ಹಾಸಿ, ಸುಮ್ನೆ ಟವೆಲ್ ಮಡಿಸಿಟ್ಟರೆ ಜಾರಿ ಹೋಗುತ್ತದೆ.

ಗುಬುಟನ್ನು ಮೊದಲು ಉದ್ದವಾಗಿಯೇ ಇಡಿ, ಕತ್ತರಿಸಿದ ಮರವನ್ನು ಮತ್ತೆ ಉದ್ದ ಮಾಡಲಾಗದು. ದೋಣಿಯನ್ನು ಹುಲ್ಲಿನ ಮೇಲಿಟ್ಟು, ಸೆಪ್ಟೆಂಬರ್‌ನಲ್ಲಿ ಹಾಕುವ ಬೂಟನ್ನೇ ಹಾಕಿ, ನೀರಲ್ಲಿ ನೆನೆಸಿ ಮಂಡಿಯೂರಿ. ಕಣ್ಣು ಮುಚ್ಚಿ, ಒಂದು ಪಕ್ಕಕ್ಕೆ ವಾಲಿ, ಎರಡೂ ಕಾಲನ್ನು ಒಟ್ಟಿಗೆ ಎಳೆದು ನೋಡಿ. ಎಲ್ಲಾದರೂ ತಡೆದರೆ ಗುಬುಟನ್ನು ಕಾಲು ಇಂಚು ಕತ್ತರಿಸಿ ಮತ್ತೆ ಎಳೆಯಿರಿ.